ದೀಪ ಹಿಡಿದವರ ಮೊದಲ ನೋಟ

ಆಶ್ರಮ ನದಿಯ ದಂಡೆಯ ಮೇಲಿತ್ತು. ನದಿ ಇರಲಿಲ್ಲ.

ಯಾವುದೋ ಕಾಲದಲ್ಲಿ ಇತ್ತಂತೆ. ಈಗ ಉಳಿದದ್ದು ದಂಡೆ, ಮರಳು, ಒಂದಿಷ್ಟು ಜಾಲಿಮುಳ್ಳು. ಆಶ್ರಮ ಎಂದರೂ ದೊಡ್ಡ ಮಾತಾಯಿತು. ಒಂದು ಗವಿ, ಗವಿಯ ಮುಂದೆ ತಗಡಿನ ಚಪ್ಪರ, ಚಪ್ಪರದ ಕೆಳಗೆ ನೀರಿನ ಹರವಿ, ಹರವಿಯ ಪಕ್ಕದಲ್ಲಿ ಹಳ್ಳದ ತಾತ.

ತಾತನಿಗೆ ಪವಾಡ ಬರುತ್ತಿರಲಿಲ್ಲ. ಬರುವುದಾದರೆ ಮೊದಲು ಈ ಹಳ್ಳಕ್ಕೆ ನೀರು ತರಿಸಲಿ ಎಂದು ಊರವರು ಹೇಳುತ್ತಿದ್ದರು. ನ್ಯಾಯವಾದ ಮಾತು ಎಂದು ತಾತ ಒಪ್ಪುತ್ತಿದ್ದ.

ಆ ಮರಳುಸೀಮೆಯಲ್ಲಿ ನೆಲದ ಮೇಲೆ ಬೆಳೆಯುವುದು ಏನೂ ಇಲ್ಲ. ಬೆಳೆದದ್ದೆಲ್ಲ ಕೆಳಗೆ. ಬೋಳು ಗುಡ್ಡ ಕೊರೆಯುತ್ತ ಹೋದರೆ ಬಂಡೆಯ ನಡುವೆ ಒಮ್ಮೊಮ್ಮೆ ಪೊಳ್ಳು ಜಾಗ ಸಿಗುತ್ತದೆ. ಅಗೆಯುವವರು ಅದಕ್ಕೆ ಗೂಡು ಎನ್ನುತ್ತಾರೆ. ಗೂಡಿನ ಗೋಡೆಗೆ ಹರಳುಗಳು ಗೊಂಚಲುಗೊಂಚಲಾಗಿ ಅಂಟಿಕೊಂಡಿರುತ್ತವೆ.

ಅವು ಒಡವೆಗೆ ಬರುವುದಿಲ್ಲ. ಬೇರೆ ಯಾವ ಕೆಲಸಕ್ಕೂ ಬರುವುದಿಲ್ಲ. ದೂರದ ಊರುಗಳಲ್ಲಿ ಕಲ್ಲು ಕೂಡಿಡುವ ಹುಚ್ಚಿನವರಿದ್ದಾರೆ. ಅವರು ಕೊಳ್ಳುತ್ತಾರೆ, ಇವರು ಉಣ್ಣುತ್ತಾರೆ.

ಹೆಚ್ಚು ಬೇಡಿಕೆ ಕೆಂಪು ಹರಳಿಗೆ. ಹಳೆಯ ವೈದ್ಯರು ಅದನ್ನು ಮನಃಶಿಲೆ ಎನ್ನುತ್ತಿದ್ದರು. ವಿಷ. ಮುಟ್ಟಿದ ಕೈ ತೊಳೆಯದೆ ರೊಟ್ಟಿ ಮುರಿಯಬಾರದು. ಅದಕ್ಕಿಂತ ವಿಚಿತ್ರವಾದ ಗುಣ ಇನ್ನೊಂದಿದೆ. ಅದು ಬೆಳಕಿಗೆ ತಾಳುವುದಿಲ್ಲ. ಬಿಸಿಲಲ್ಲಿಟ್ಟರೆ ದಿನ ಕಳೆದಂತೆ ಕೆಂಪು ಹೋಗಿ ಹಳದಿ ಹಿಟ್ಟಾಗುತ್ತದೆ. ಕೊಂಡವರು ಅದನ್ನು ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು, ಆಗಾಗ ಮುಚ್ಚಳ ತೆರೆದು ನೋಡುತ್ತಾರಂತೆ.

ನೋಡಿದಷ್ಟು ಸಲ ಅದರ ಬಣ್ಣ ಸವೆಯುತ್ತದೆ ಎಂದು ಅಗೆಯುವವರ ನಂಬಿಕೆ. ಒಂದು ನೋಟಕ್ಕೆ ಎಷ್ಟು ಸವೆಯುತ್ತದೆಂದು ಯಾರೂ ಅಳೆದಿಲ್ಲ. ಬಹುಶಃ ಏನೂ ಇಲ್ಲ. ಆದರೆ ಗೂಡು ತೆರೆದ ಗಳಿಗೆಯಲ್ಲಿ ಕಂಡ ಕೆಂಪು ಆಮೇಲೆ ಯಾವತ್ತೂ ಕಾಣುವುದಿಲ್ಲ ಎಂದು ಅವರು ಆಣೆ ಇಟ್ಟು ಹೇಳುತ್ತಾರೆ.

ಒಂದು ಮಧ್ಯಾಹ್ನ ಓಬಳೇಶ ಬಂದ.

ಅವನು ಆ ಗುಡ್ಡದಲ್ಲಿ ಹರಳು ಅಗೆಯುವವನು. ಬಿಡುವಾದಾಗ ಬಂದು, ಚಪ್ಪರದ ಕೆಳಗೆ ಕೂತು, ತಾತನ ಹರವಿಯ ನೀರು ಕುಡಿದು, ಹುಟ್ಟು ಸಾವಿನ ಗುಟ್ಟೇನು ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋಗುತ್ತಿದ್ದ. ತಾತನಿಗೆ ಶಿಷ್ಯ ಎಂದು ಇದ್ದವನು ಅವನೊಬ್ಬನೇ.

ಈ ಸಲ ಅವನು ಹುಟ್ಟು ಸಾವಿನ ವಿಷಯ ಎತ್ತಲಿಲ್ಲ.

"ತಾತ, ಹೊನ್ನೂರಮ್ಮ ತವರಿಗೆ ಹೋಗ್ತಾಳಂತೆ."

"ಹೋಗಿ ಬರಲಿ."

"ಬರಲ್ವಂತೆ."

ತಾತ ಹರವಿಯ ಮುಚ್ಚಳ ತೆಗೆದು ನೀರು ಕೊಟ್ಟ. ಓಬಳೇಶ ಕುಡಿಯಲಿಲ್ಲ. ಲೋಟ ಹಿಡಿದು ಕೂತ.

"ಹೊಡೆದ್ಯಾ?"

"ಇಲ್ಲ."

"ಕುಡಿದ್ಯಾ?"

"ಬಿಟ್ಟು ಬಹಳ ದಿನ ಆಯ್ತು, ತಾತ. ನಿಮಗೆ ಗೊತ್ತಲ್ಲ."

"ಬೇರೆ ಯಾರನ್ನಾದ್ರೂ ನೋಡಿದ್ಯಾ?"

"ಕಲ್ಲು ನೋಡಿದೆ."

ತಾತ ಅವನ ಮುಖ ನೋಡಿದ. ತಮಾಷೆ ಇರಲಿಲ್ಲ.

ಆ ಗುಡ್ಡದಲ್ಲಿ ಒಂದು ಕಟ್ಟಳೆ ಇದೆ. ಅಗೆಯುವುದು ಇಬ್ಬರ ಕೆಲಸ. ಒಬ್ಬರು ಉಳಿ ಹಿಡಿಯುತ್ತಾರೆ, ಒಬ್ಬರು ಎಣ್ಣೆದೀಪ ಹಿಡಿಯುತ್ತಾರೆ. ಬ್ಯಾಟರಿಯ ಬೆಳಕು ಹರಳಿಗೆ ಆಗದು ಎಂದು ಬಾವಿಯೊಳಗೆ, ಅಂದರೆ ಅಗೆದ ಸುರಂಗದೊಳಗೆ, ತರುವುದಿಲ್ಲ. ಗೂಡು ಒಡೆದ ಕೂಡಲೇ ಉಳಿಯವನು ತೂತಿಗೆ ಅಂಗೈ ಅಡ್ಡ ಇಟ್ಟು ಮುಖವನ್ನು ಗೋಡೆಗೆ ತಿರುಗಿಸಬೇಕು. ದೀಪದವರು ಮುಂದೆ ಬಂದು ನೋಡುತ್ತಾರೆ. ಬೇಕಾದಷ್ಟು ಹೊತ್ತು. ಅವರು "ಆಯ್ತು" ಎಂದ ಮೇಲೆ ಉಳಿಯವನು ನೋಡಬಹುದು.

ಕಲ್ಲು ಉಳಿಯವನದು, ಮೊದಲ ನೋಟ ದೀಪದವರದು.

ಗುಡ್ಡದ ಅಮ್ಮ ಹಾಗೆ ಅಪ್ಪಣೆ ಕೊಟ್ಟಳು ಎಂದು ಕೆಲವರು ಹೇಳುತ್ತಾರೆ. ಚಾವಣಿಯ ಬಂಡೆ ಕಿರುಗುಟ್ಟಿದಾಗ ದೀಪದವರು ಬಿಟ್ಟು ಓಡದಿರಲಿ ಎಂದು ಯಾರೋ ಬುದ್ಧಿವಂತ ಉಳಿಯವನು ಮಾಡಿದ ಏರ್ಪಾಡು ಇರಬಹುದು. ಹೇಗಾದರೂ ಇರಲಿ, ಕಟ್ಟಳೆ ನಿಂತಿದೆ. ಅದನ್ನು ಮುರಿದವನನ್ನು ಯಾರೂ ಊರು ಬಿಡಿಸುವುದಿಲ್ಲ. ಆಮೇಲೆ ಅವನಿಗೆ ದೀಪ ಹಿಡಿಯಲು ಯಾರೂ ಬರುವುದಿಲ್ಲ, ಅಷ್ಟೆ.

ಮದುವೆಯಾದಾಗಿನಿಂದ ಓಬಳೇಶನಿಗೆ ದೀಪ ಹಿಡಿದವಳು ಹೊನ್ನೂರಮ್ಮ.

"ಅವತ್ತು ಅವಳು ಟ್ಯಾಂಕರಿಗೆ ಕೊಡ ಇಡೋಕೆ ಹೋಗಿದ್ಲು," ಓಬಳೇಶ ಹೇಳಿದ. "ಸುಮ್ನೆ ಕೂರೋದು ಯಾಕೆ ಅಂತ ಉಳಿಗೆ ಒಂದು ಏಟು ಹಾಕಿದೆ. ಪೊಳ್ಳು ಸದ್ದು. ಇನ್ನೊಂದು ಏಟು ಹಾಕಿದೆ. ತೂತು ಬಿತ್ತು."

"ಅಂಗೈ ಇಟ್ಯಾ?"

"ಇಟ್ಟೆ."

"ಮುಖ ತಿರುಗಿಸಿದ್ಯಾ?"

"ತಿರುಗಿಸಿದೆ. ಬಹಳ ಹೊತ್ತು ಹಾಗೇ ಇದ್ದೆ, ತಾತ. ಕೈ ಜೋಮು ಹಿಡೀತು. ಟ್ಯಾಂಕರ್ ಹತ್ರ ಜಗಳ ಆಗಿತ್ತೋ ಏನೋ, ಅವಳು ಬರಲೇ ಇಲ್ಲ. ಜೇಬಲ್ಲಿ ಫೋನಿತ್ತು."

"ಫೋನಲ್ಲಿ ಬೆಳಕಿತ್ತು."

"ಹ್ಞೂಂ."

ಓಬಳೇಶ ಲೋಟ ಕೆಳಗಿಟ್ಟ.

"ಅವಳು ಬಂದಾಗ ನಾನು ಫೋನು ಆರಿಸಿದ್ದೆ. ತೂತಿಗೆ ಹಸಿ ಮಣ್ಣು ಮೆತ್ತಿದ್ದೆ. ಮುಖ ಗೋಡೆಗೆ ತಿರುಗಿಸಿ ಕೂತಿದ್ದೆ. ಅವಳು ದೀಪ ಹಚ್ಕೊಂಡು ಒಳಗೆ ಬಂದ್ಲು. ನನ್ನ ಬೆನ್ನು ನೋಡಿದ್ಲು ನೋಡಿ, ಅಷ್ಟೇ. 'ನೀನು ನೋಡಿಬಿಟ್ಟೆ' ಅಂದ್ಲು. ಬೆನ್ನು ನೋಡಿ ಹೇಗೆ ಗೊತ್ತಾಯ್ತು ತಾತ?"

"ಆಮೇಲೆ?"

"ದೀಪ ಆರಿಸಿ, ಬೋರಲು ಹಾಕಿ, ಮನೆಗೆ ಹೋದ್ಲು."

ಅಲ್ಲಿಂದೀಚೆಗೆ ಅವಳು ಅಡಿಗೆ ಮಾಡುತ್ತಿದ್ದಳು, ಬಡಿಸುತ್ತಿದ್ದಳು, ಬೇಕಾದಷ್ಟೇ ಮಾತಾಡುತ್ತಿದ್ದಳು. ಸಂಬಂಧದಲ್ಲೇ ಆದ ಮದುವೆ. ಚಿಕ್ಕಂದಿನಿಂದ ಅವನನ್ನು ಮಾವ ಎಂದೇ ಕರೆದವಳು. ಈಗ ಆ ಮಾತು ಬಾಯಿಂದ ಬರುತ್ತಿರಲಿಲ್ಲ. ಅಮಾವಾಸ್ಯೆ ಕಳೆದ ಮಾರನೆಯ ದಿನ ಅವಳ ಅಣ್ಣ ಮಾರೆಪ್ಪ ಬಂದು ಕರೆದುಕೊಂಡು ಹೋಗುವುದೆಂದು ಗೊತ್ತಾಗಿತ್ತು.

"ತಪ್ಪಾಯ್ತು ಅಂತ ಹೇಳಿದ್ಯಾ?"

"ಹೇಳಿದೆ. ಕಾಲು ಹಿಡ್ಕೊಂಡೆ. 'ಕಾಲು ಬಿಡು, ಸಾರು ಉಕ್ಕುತ್ತೆ' ಅಂದ್ಲು."

ತಾತನಿಗೆ ನಗು ಬಂತು. ತಡೆದುಕೊಳ್ಳಲಿಲ್ಲ.

"ನಗಬೇಡಿ ತಾತ. ಒಂದು ನೋಟ ತಾನೇ? ಕಲ್ಲು ಅಲ್ಲೇ ಇದೆ. ನಾನೇನು ತಿಂದುಬಿಟ್ಟೆನಾ? ಮಡಕೆ ಒಡೆದಿದ್ರೆ ಇನ್ನೊಂದು ತಂದುಕೊಡ್ತಿದ್ದೆ. ಸೀರೆ ಸುಟ್ಟಿದ್ರೆ ಸೀರೆ ತಂದುಕೊಡ್ತಿದ್ದೆ. ನೋಟವನ್ನ ಹೇಗೆ ವಾಪಸ್ ಕೊಡೋದು?"

ತಾತ ಬಹಳ ಹೊತ್ತು ಸುಮ್ಮನಿದ್ದ. ಉತ್ತರ ಗೊತ್ತಿಲ್ಲದಾಗ ಗುರುಗಳು ಹೀಗೆ ಮಾಡುತ್ತಾರೆ. ಗೊತ್ತಿದ್ದಾಗಲೂ ಹೀಗೇ ಮಾಡುತ್ತಾರೆ.

ಕೊನೆಗೆ ಹೇಳಿದ. "ಗವಿಯ ಹಿಂಬದಿ ಸ್ವಲ್ಪ ಅಗೆಯೋದಿದೆ. ನಾಳೆಯಿಂದ ಬಂದು ದೀಪ ಹಿಡಿ."

"ನಾನು ಕೇಳಿದ್ದಕ್ಕೆ?"

"ಎಣ್ಣೆ ನಿನ್ನ ಮನೆಯಿಂದಲೇ ತಾ. ನನ್ನ ಹತ್ರ ಇಲ್ಲ."

ಮಾರನೆಯ ದಿನ ಓಬಳೇಶ ದೀಪ ತಂದ. ಹೊನ್ನೂರಮ್ಮ ಬೋರಲು ಹಾಕಿದ್ದ ಅದೇ ದೀಪ.

ಗವಿ ಹಿಂದಕ್ಕೆ ಹೋದಂತೆ ಇಕ್ಕಟ್ಟು. ತಾತ ಒಂದು ಮೊಂಡು ಉಳಿ ಹಿಡಿದು ಕುಕ್ಕರಗಾಲಲ್ಲಿ ಕೂತ. ಓಬಳೇಶ ಬೆನ್ನು ಬಾಗಿಸಿ ಹಿಂದೆ ನಿಂತ.

"ನಾನೇ ಅಗೀತೀನಿ ಕೊಡಿ ತಾತ. ನಿಮ್ಮ ಕೈಲಿ ಆಗಲ್ಲ. ಉಳಿ ಹಿಡಿಯೋದು ಹಾಗಲ್ಲ."

"ದೀಪ ಹಿಡಿ."

"ಏನು ಹುಡುಕ್ತಿದ್ದೀರಿ?"

"ಸಿಕ್ಕ ಮೇಲೆ ಗೊತ್ತಾಗುತ್ತೆ. ನನ್ನ ನೆರಳು ನನ್ನ ಕೈಮೇಲೇ ಬೀಳ್ತಿದೆ, ಎಡಕ್ಕೆ ಬಾ."

ಅವನು ಎಡಕ್ಕೆ ಬಂದ.

"ಅಷ್ಟಲ್ಲ."

ಅವನು ಬಲಕ್ಕೆ ಸರಿದ.

"ಕಣ್ಣಿಗೆ ಹೊಡೀತಿದೆ. ಕೆಳಗೆ ಹಿಡಿ. ಅಲ್ಲಾಡಿಸಬೇಡ."

ದೀಪ ಹಿಡಿಯುವುದು ಒಂದು ಕೆಲಸ ಎಂದು ಓಬಳೇಶ ಯಾವತ್ತೂ ಅಂದುಕೊಂಡಿರಲಿಲ್ಲ. ಸ್ವಲ್ಪ ಹೊತ್ತಿಗೆ ತೋಳು ನಡುಗತೊಡಗಿತು. ಹೊಗೆ ಕಣ್ಣಿಗೆ ಬಂತು. ಉಜ್ಜಿಕೊಳ್ಳಲು ಕೈ ಎತ್ತಿದರೆ ಬೆಳಕು ಅಲ್ಲಾಡಿ ಬೈಗುಳ ಬಂತು. ಬಿಸಿ ಎಣ್ಣೆ ಮಣಿಕಟ್ಟಿನ ಮೇಲೆ ತೊಟ್ಟಿಕ್ಕಿತು. ತಾತ ಏನು ಮಾಡುತ್ತಿದ್ದಾನೆಂದು ಕಾಣುತ್ತಿರಲಿಲ್ಲ. ಬೆಳಕು ಹೋಗುವುದು ಮುಂದಕ್ಕೆ. ಹಿಡಿದವನಿಗೆ ಕಾಣುವುದು ಒಂದು ಬೆನ್ನು.

ಅವನು ತಾತನ ಬೆನ್ನು ನೋಡಿದ. ಬೇರೆ ನೋಡಲು ಏನೂ ಇರಲಿಲ್ಲ. ಎಡಗಡೆ ಮೂಳೆ ಸ್ವಲ್ಪ ಎತ್ತರ. ಕತ್ತಿನ ಹಿಂದೆ ಹಳೆಯ ಗಾಯದ ಗುರುತು. ಉಳಿಯ ಏಟು ಸರಿಯಾಗಿ ಬಿದ್ದಾಗ ಹೆಗಲು ಸಡಿಲವಾಗುತ್ತದೆ, ತಪ್ಪಿದಾಗ ಕಿವಿಯ ಕಡೆ ಏರುತ್ತದೆ.

ಹೀಗೇ ಕೆಲವು ದಿನ ನಡೆಯಿತು. ದಿನ ಕಳೆದಂತೆ ಅವನಿಗೆ ಆ ಬೆನ್ನು ಓದಲು ಬಂತು. ತಾತನಿಗೆ ದಣಿವಾದದ್ದು, ತಾತನಿಗೆ ಸಿಟ್ಟು ಬಂದದ್ದು, ತಾತ ಸುಮ್ಮನೆ ಕಲ್ಲು ಕುಟ್ಟುತ್ತ ಬೇರೇನೋ ಯೋಚಿಸುತ್ತಿರುವುದು, ಎಲ್ಲ ಗೊತ್ತಾಗುತ್ತಿತ್ತು.

ಒಂದು ದಿನ ಉಳಿಯ ಸದ್ದು ಬದಲಾಯಿತು. ತಾತನ ಬೆನ್ನು ನೆಟ್ಟಗಾಯಿತು.

"ಆಹಾ," ಎಂದ ತಾತ.

ಓಬಳೇಶ ಬಗ್ಗಿದ. ತಾತನ ಹೆಗಲು ಅಡ್ಡ ಬಂತು. ತಾತ ಕೈ ಚಾಚಿ, ಏನನ್ನೋ ಎತ್ತಿ, ಹೆಗಲ ವಲ್ಲಿಯ ತುದಿಯಲ್ಲಿ ಸುತ್ತಿ ಗಂಟು ಹಾಕಿದ. ಎಲ್ಲ ಬೆನ್ನು ತಿರುಗಿಸಿಕೊಂಡೇ. ಆಮೇಲೆ ಎದ್ದು ಹೊರಗೆ ಬಂದು ವಲ್ಲಿಯನ್ನು ಚಪ್ಪರದ ಗೂಟಕ್ಕೆ ನೇತುಹಾಕಿದ.

"ಏನದು ತಾತ?"

"ಕೆಲಸ ಮುಗೀತು. ಕೈ ತೊಳ್ಕೊ."

"ಏನು ಸಿಕ್ತು? ತೋರಿಸಿ."

"ಯಾಕೆ? ಒಂದು ನೋಟ ತಾನೇ?"

ಓಬಳೇಶನ ಮುಖಕ್ಕೆ ರಕ್ತ ನುಗ್ಗಿತು. ಸುಟ್ಟ ಮಣಿಕಟ್ಟನ್ನು ತಾತನ ಮುಖದ ಮುಂದೆ ಹಿಡಿದ.

"ದೀಪ ಹಿಡಿದವನು ನಾನು!"

ಗವಿಯೊಳಗಿಂದ ಅವನ ಮಾತು ಅವನಿಗೇ ವಾಪಸ್ ಬಂತು. ಅವನು ಮೆಲ್ಲಗೆ ಕೈ ಇಳಿಸಿ ಕೂತ. ತಾತ ನೀರು ಕೊಟ್ಟ. ಈ ಸಲ ಕುಡಿದ.

ಮನೆಗೆ ಹೋದಾಗ ಹೊನ್ನೂರಮ್ಮ ಒಲೆಯ ಮುಂದೆ ಇದ್ದಳು. ಟ್ರಂಕು ಗೋಡೆಯ ಪಕ್ಕದಲ್ಲಿ ಸಿದ್ಧವಾಗಿತ್ತು.

"ಇಷ್ಟು ವರ್ಷ ನೀನು ನನ್ನ ಬೆನ್ನು ಮಾತ್ರ ನೋಡಿದ್ಯಲ್ಲ," ಎಂದ.

ಅವಳು ತಿರುಗದೆಯೇ ಹೇಳಿದಳು.

"ಬಲಗಡೆ ಒಂದು ಮಚ್ಚೆ ಇದೆ. ಅದಕ್ಕೆ ದಿನಾ ನನ್ನನ್ನ ನೋಡಿ ಬೇಜಾರಾಗಿರಬೇಕು."

"ಹೊನ್ನೂರಿ..."

"ಕೈಗೇನಾಯ್ತು?"

"ಎಣ್ಣೆ ಬಿತ್ತು."

ಅವಳು ಅವನ ಮಣಿಕಟ್ಟು ನೋಡಿದಳು. ಎದ್ದು ಡಬ್ಬಿಯಿಂದ ಕೊಬ್ಬರಿ ಎಣ್ಣೆ ತಂದು ಹಚ್ಚಿದಳು. ತನ್ನ ರವಿಕೆಯ ಉದ್ದ ತೋಳು ಮೇಲೆ ಸರಿಸಿದಳು. ಮಣಿಕಟ್ಟಿನಿಂದ ಮೊಳಕೈವರೆಗೆ ಹಳೆಯ ಸುಟ್ಟ ಕಲೆಗಳಿದ್ದವು. ತೋರಿಸಿದಳೋ, ಎಣ್ಣೆ ತಾಗದಿರಲೆಂದು ಸರಿಸಿದಳೋ, ಹೇಳುವುದು ಕಷ್ಟ.

"ನಾಳೆ ಬರ್ತೀಯಾ ಬಾವಿಗೆ?"

"ನಾಳಿದ್ದು ಅಣ್ಣ ಬರ್ತಾನೆ," ಎಂದಳು. ಡಬ್ಬಿಯ ಮುಚ್ಚಳ ಹಾಕಿದಳು.

ಬೆಳಗಾಗುತ್ತಲೇ ಓಬಳೇಶ ತಾತನ ಮುಂದೆ ಇದ್ದ. ವಲ್ಲಿ ಗೂಟದಲ್ಲಿ ಹಾಗೇ ನೇತಾಡುತ್ತಿತ್ತು. ಗಂಟು ಹಾಗೇ ಇತ್ತು. ಅವನು ಅದನ್ನು ನೋಡದಿರಲು ಪ್ರಯತ್ನಿಸಿದ.

"ಅದು ಕೆಲಸ ಮಾಡಲಿಲ್ಲ, ತಾತ."

"ಯಾವುದು?"

"ನೀವು ಕಲಿಸಿದ್ದು. ನನ್ನ ತಪ್ಪೇನು ಅಂತ ಅರ್ಥ ಆಯ್ತು, ಅದನ್ನ ಹೇಳಿದೆ. ಆದ್ರೂ ಹೋಗ್ತಾಳೆ."

"ಅದು ಮಂತ್ರ ಅಲ್ಲಪ್ಪ. ಅರ್ಥ ಆಗಿದ್ದು ನಿನಗೆ. ಅವಳಿಗೇನು ಬಂತು?"

ಓಬಳೇಶ ತಲೆ ಮೇಲೆ ಕೈ ಹೊತ್ತು ಕೂತ.

"ಹೋಗಲಿ," ತಾತ ಹೇಳಿದ. "ನೀನು ನೋಡಿದ್ದು ಹೇಗಿತ್ತು?"

"ಕೆಂಪಗಿತ್ತು."

"ಕೆಂಪು ಹರಳು ಕೆಂಪಗಿತ್ತು. ಸರಿ. ಹೇಗೆ?"

"ಕೆಂಪಗೆ, ತಾತ. ಇನ್ನೇನು ಹೇಳಲಿ?"

"ಇದನ್ನ ನೋಡೋಕೆ ಹೆಂಡತೀನ ಕಳ್ಕೊಂಡ್ಯಾ? ಹೋಗು. ಇನ್ನೊಂದು ಸಲ ನೋಡಿ ಬಾ. ಅದು ಯಾವುದರ ಥರ ಇತ್ತು ಅಂತ ಹೇಳು."

ಬಾವಿ ದೂರವಿರಲಿಲ್ಲ. ಓಬಳೇಶ ಹೋಗಿ, ಮಣ್ಣು ಬಿಡಿಸಿ, ನೋಡಿ, ಮಣ್ಣು ಮೆತ್ತಿ ವಾಪಸ್ ಬಂದ.

"ರಕ್ತ."

"ಸಿನಿಮಾದ್ದು. ಹೋಗು."

ಅವನು ಹೋಗಿ ಬಂದ. ಬಿಸಿಲು ಏರುತ್ತಿತ್ತು.

"ಕುಂಕುಮ."

"ಅದು ಅಂಗಡೀದು. ಎಲ್ಲರೂ ಹೇಳ್ತಾರೆ. ಹೋಗು."

ಮತ್ತೆ ಹೋದ. ಈ ಸಲ ಬೇಗ ಬರಲಿಲ್ಲ. ಬಂದಾಗ ಕಾಲೆಳೆದುಕೊಂಡು ನಡೆಯುತ್ತಿದ್ದ.

"ಅಂಚಲ್ಲೆಲ್ಲ ಹಳದಿ ಪುಡಿ ಬಂದಿದೆ, ತಾತ. ಮೊದಲೇ ಇತ್ತೋ, ನಾನು ನೋಡಿ ನೋಡಿ ಬಂತೋ ಗೊತ್ತಿಲ್ಲ. ಇನ್ನು ನೋಡಲ್ಲ. ಇನ್ನೊಂದು ಸಲ ನೋಡಿದ್ರೆ ಅವಳಿಗೆ ಏನೂ ಉಳಿಯಲ್ಲ."

"ಯಾವುದರ ಥರ ಇತ್ತು?"

"ಗೊತ್ತಿಲ್ಲ."

"ಇಷ್ಟು ವರ್ಷ ಇಷ್ಟು ಗೂಡು ನೋಡಿದ್ದೀಯ. ಒಂದಾದ್ರೂ ಯಾವುದರ ಥರ ಇತ್ತು ಅಂತ ನೆನಪಿಲ್ವಾ?"

"ಯಾಕಿಲ್ಲ?" ಓಬಳೇಶನಿಗೆ ರೇಗಿತು. "ದೊಡ್ಡ ಬಂಡೆ ಹತ್ರ ಸಿಕ್ಕಿದ್ದು ಹುಂಜದ ಜುಟ್ಟು. ಜಗಳ ಆಡೋ ಹುಂಜದ್ದು. ಆಮೇಲೆ ಒಂದು, ಬಿಸಿಲಲ್ಲಿ ಆಡಿ ಬಂದ ಮಗುವಿನ ಕಿವಿ. ಬೆಳಕು ಹಿಂದಿನಿಂದ ಬಿದ್ದಾಗ ಕಾಣುತ್ತಲ್ಲ, ಆ ಥರ. ಹೋದ ವರ್ಷದ್ದು ನಮ್ಮತ್ತೆ ಎಲೆ ಅಡಿಕೆ ಹಾಕ್ಕೊಂಡು ನಕ್ಕ ಹಾಗಿತ್ತು. ಅದನ್ನ ನೋಡಿ ನಾನು ಬಾವಿಯಲ್ಲೇ ನಕ್ಕುಬಿಟ್ಟೆ."

"ಚೆನ್ನಾಗಿ ನೋಡಿದ್ದೀಯ."

"ನಾನೆಲ್ಲಿ ನೋಡಿದೆ? ಹೊನ್ನೂರಿ ಹೇಳ್ತಿದ್ಲು. 'ಆಯ್ತು' ಅನ್ನೋ ಮುಂಚೆ ಒಂದು ಮಾತು ಹೇಳೋಳು. ಆಮೇಲೆ ನಾನು ತಿರುಗಿ ನೋಡಿದ್ರೆ..."

ಅವನು ನಿಲ್ಲಿಸಿದ.

ಚಪ್ಪರದ ತಗಡು ಬಿಸಿಲಿಗೆ ಟಕ್ ಟಕ್ ಎನ್ನುತ್ತಿತ್ತು. ತಾತ ಹರವಿಯ ಮುಚ್ಚಳ ಸರಿಮಾಡಿದ. ಅದು ಸರಿಯಾಗಿಯೇ ಇತ್ತು.

"ತಾತ, ನಾನು ಒಂದು ಕಲ್ಲನ್ನೂ ನೋಡಿಲ್ಲ."

ಓಬಳೇಶ ಎದ್ದ. ಕೈಮುಗಿಯುವುದನ್ನೂ ಮರೆತು ಹೋದ.

ಹೊನ್ನೂರಮ್ಮ ಅಂಗಳದಲ್ಲಿ ಕಂಬಳಿ ಕೊಡವುತ್ತಿದ್ದಳು. ತವರಿಗೆ ಒಯ್ಯುವ ಕಂಬಳಿ.

"ಒಂದು ಮಾತು," ಎಂದ.

"ತಪ್ಪಾಯ್ತು ಅಂತಾನಾ? ಅದು ಆಯ್ತಲ್ಲ."

"ಅದಲ್ಲ. ನಾನು ಆ ಗೂಡನ್ನ ನೋಡಿದೆ. ಇವತ್ತೂ ನೋಡಿದೆ. ಮೂರ್ನಾಲ್ಕು ಸಲ ನೋಡಿದೆ."

ಅವಳು ಕಂಬಳಿ ಕೊಡವುವುದನ್ನು ನಿಲ್ಲಿಸಿದಳು. ಇಷ್ಟು ಮೂರ್ಖನಾಗಿ ಯಾರೂ ಕ್ಷಮೆ ಕೇಳಿದ್ದನ್ನು ಅವಳು ನೋಡಿರಲಿಲ್ಲ.

"ಹೇಳೋಕೆ ನಾಚಿಕೆ ಆಗಲ್ವಾ ನಿನಗೆ?"

"ಆಗುತ್ತೆ. ಆದ್ರೆ ಅದು ಏನು ಅಂತ ಗೊತ್ತಾಗ್ತಿಲ್ಲ, ಹೊನ್ನೂರಿ. ಬರೀ ಕೆಂಪು. ರಕ್ತ ಅಂದೆ, ಕುಂಕುಮ ಅಂದೆ. ಅಲ್ಲ. ನನಗೆ ಬರಲ್ಲ. ಮೊದಲ ನೋಟ ವಾಪಸ್ ಕೊಡೋಕೆ ನನ್ನ ಕೈಲಿ ಆಗಲ್ಲ, ಅದು ಹೋಯ್ತು. ನೀನು ನಾಳೆ ಹೋಗು. ಬೇಡ ಅನ್ನಲ್ಲ. ಹೋಗೋ ಮುಂಚೆ ಬಂದು, ಅದು ಏನು ಅಂತ ಹೇಳಿ ಹೋಗು."

ಅವಳು ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ರಕ್ತ ಅಂದ್ಯಾ?"

"ಹ್ಞೂಂ."

"ಕುಂಕುಮ ಅಂದ್ಯಾ?"

"ಹ್ಞೂಂ."

"ಥೂ. ಇಷ್ಟು ವರ್ಷ ಏನು ಕಲಿತೆ?"

ಅವಳು ಕಂಬಳಿಯನ್ನು ಹಗ್ಗದ ಮೇಲೆ ಹಾಕಿ ಒಳಗೆ ಹೋದಳು. ಬಂದಾಗ ಕೈಯಲ್ಲಿ ದೀಪವಿತ್ತು. ಕ್ಷಮಿಸಿದ ಮುಖವಲ್ಲ ಅದು. ಅಡಿಗೆ ಕೆಡಿಸಿದವನ ಕೈಯಿಂದ ಸೌಟು ಕಿತ್ತುಕೊಳ್ಳುವ ಮುಖ.

ಬಾವಿಯೊಳಗೆ ತಂಪಿತ್ತು. ಓಬಳೇಶ ಹಸಿ ಮಣ್ಣನ್ನು ಮೆಲ್ಲಗೆ ಬಿಡಿಸಿದ. ಬಿಡಿಸುತ್ತಲೇ ಅಂಗೈ ಅಡ್ಡ ಇಟ್ಟ.

"ಮುಖ ತಿರುಗಿಸು," ಎಂದಳು.

ಅವನು ತಿರುಗಿಸಿದ. ಬಂಡೆ ಹಣೆಗೆ ತಾಗಿತು. ಅವಳು ಮುಂದೆ ಬಂದಳು. ದೀಪದ ಬಿಸಿ ಅವನ ಕಿವಿಗೆ ಹತ್ತಿರವಾಯಿತು. ಅವನು ಕೈ ತೆಗೆದ.

ಅವಳು ನೋಡಿದಳು.

ಅವನ ಕತ್ತು ನೋಯತೊಡಗಿತು. ಅವನು ಅಲ್ಲಾಡಲಿಲ್ಲ. ಎಲ್ಲಿಯೋ ಒಂದು ಸಣ್ಣ ಕಲ್ಲು ಉದುರಿ ಕೆಳಗೆ ಉರುಳಿತು. ಅವಳ ಉಸಿರಿನ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಗೂಡಲ್ಲಿ ಏನೂ ಉಳಿದಿಲ್ಲವೇನೋ ಎಂದು ಅವನಿಗೆ ಹೆದರಿಕೆಯಾಯಿತು. ಕೇಳಲಿಲ್ಲ.

"ನಮ್ಮವ್ವ ಮಲಗೋ ಮುಂಚೆ ಒಲೇಲಿ ಕೆಂಡ ಮುಚ್ಚಿಡ್ತಿದ್ಲು," ಅವಳು ಹೇಳಿದಳು. ಧ್ವನಿ ಬಹಳ ಮೆಲ್ಲಗಿತ್ತು. "ಬೆಳಿಗ್ಗೆ ಎದ್ದು ನಾನೇ ಕೆದಕ್ತಿದ್ದೆ. ಮೇಲೆಲ್ಲ ಬೂದಿ. ಆರಿಹೋಯ್ತು ಅಂದ್ಕೊಂಡು ಕಡ್ಡೀಲಿ ಸರಿಸಿದ್ರೆ ಒಳಗೆ ಇದೇ ಬಣ್ಣ."

ಅವನು ಗೋಡೆಗೇ ಹೇಳಿದ. "ಆರಿಲ್ವಾ?"

"ಊದಿದ್ರೆ ಹತ್ತುತ್ತೆ."

ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

"ಆಯ್ತು ಮಾವ. ನೋಡು."

ಅವನು ತಿರುಗಿದ. ತಕ್ಷಣ ನೋಡಲಾಗಲಿಲ್ಲ. ಕಣ್ಣು ಒರೆಸಿಕೊಳ್ಳಬೇಕಾಯಿತು. ಹೊಗೆ ಎಂದ. ಅವಳು ದೀಪವನ್ನು ಸ್ವಲ್ಪ ಕೆಳಗೆ ಹಿಡಿದಳು.

ಮಾರನೆಯ ದಿನ ಮಾರೆಪ್ಪ ಲಗೇಜ್ ಆಟೋ ಮಾಡಿಕೊಂಡು ಬಂದ. ಟ್ರಂಕು ಎಲ್ಲಿ ಎಂದು ಕೇಳಿದ.

"ಊಟ ಮಾಡಿ ಹೋಗಣ್ಣ," ಎಂದಳು ಹೊನ್ನೂರಮ್ಮ.

"ಅಂದ್ರೆ? ನೀನು ಬರಲ್ವಾ?"

"ಹಬ್ಬಕ್ಕೆ ಬರ್ತೀನಿ. ಇಬ್ಬರೂ."

"ಅಲ್ಲಿಂದ ಇಲ್ಲೀವರೆಗೆ ಮರಳಲ್ಲಿ ಎರಡು ಸಲ ಆಟೋ ತಳ್ಳಿದ್ದೀನಿ. ನಿಮ್ಮ ಜಗಳ ಏನಿತ್ತು, ಅದನ್ನಾದ್ರೂ ಹೇಳಿ."

"ಇವನು ಒಂದು ಕಲ್ಲು ನೋಡಿದ," ಎಂದಳು.

ಮಾರೆಪ್ಪ ಕಲ್ಲಿನ ಕೆಲಸದವನಲ್ಲ. ತಂಗಿಯ ಮುಖ ನೋಡಿದ, ಭಾವನ ಮುಖ ನೋಡಿದ, ಕೈ ತೊಳೆದು ಊಟಕ್ಕೆ ಕೂತ.

ಅವನನ್ನು ಕಳಿಸಿ ಇಬ್ಬರೂ ಹಳ್ಳದ ದಂಡೆಗೆ ಬಂದರು. ಹೊನ್ನೂರಮ್ಮ ಒಂದು ತಂಬಿಗೆ ಮಜ್ಜಿಗೆ ತಂದಿದ್ದಳು. ತಾತನ ಮುಂದೆ ಇಟ್ಟು ಕೈಮುಗಿದಳು.

"ನನ್ನ ಗಂಡನ ಕೈ ಸುಟ್ಟು ಕಳಿಸಿದ್ದೀರಿ, ತಾತ."

"ನಿನ್ನ ಗಂಡನಿಗೆ ದೀಪ ಹಿಡಿಯೋಕೆ ಬರಲ್ಲಮ್ಮ."

"ಅದು ನನಗೆ ಗೊತ್ತಿಲ್ವಾ?"

ತಾತ ಮಜ್ಜಿಗೆ ಕುಡಿದ. ಉಪ್ಪು ಸರಿಯಾಗಿದೆ ಎಂದ. ಓಬಳೇಶನ ಕಣ್ಣು ಗೂಟದ ಮೇಲಿತ್ತು. ವಲ್ಲಿ ಅಲ್ಲೇ ಇತ್ತು, ಗಂಟಿನ ಮೇಲೆ ಮರಳಿನ ಧೂಳು ಕೂತಿತ್ತು.

"ಇವನಿಗೆ ಇನ್ನೊಂದು ಚಿಂತೆ, ತಾತ," ಹೊನ್ನೂರಮ್ಮ ನಕ್ಕಳು. "ಆ ಗಂಟಲ್ಲಿ ಏನಿದೆ ಅಂತ ನನ್ನನ್ನ ಕೇಳ್ತಾನೆ. ನಾನೇನು ಹೇಳಲಿ?"

"ಬೇಡ ಬಿಡು," ಎಂದ ಓಬಳೇಶ. "ಅದು ತಾತ ನೋಡಿದ್ದು. ತಾತನದೇ ಇರಲಿ."

ತಾತ ತಂಬಿಗೆ ಕೆಳಗಿಟ್ಟ. ಎದ್ದು ಗೂಟದಿಂದ ವಲ್ಲಿ ತೆಗೆದು, ಧೂಳು ಕೊಡವಿ, ಗಂಟನ್ನು ಓಬಳೇಶನ ಅಂಗೈಯಲ್ಲಿಟ್ಟ.

"ನಾನೆಲ್ಲಿ ನೋಡಿದೆ? ಅವತ್ತು ಕಣ್ಣು ಮುಚ್ಕೊಂಡೇ ಎತ್ತಿಟ್ಟೆ, ನಿನಗೆ ಕಂಡಿದ್ದು ಬೆನ್ನು. ಬಿಚ್ಚು, ನೀನು ನೋಡಿ ಹೇಳು. ಅಲ್ಲೀವರೆಗೆ ನಾನು ಮುಖ ತಿರುಗಿಸಿ ಕೂತಿರ್ತೀನಿ."